ಕುಡಿತ ಬಿಡಿಸುವ ಗುಳಿಗೆ: ಚಹಾದಲ್ಲಿ ಬೆರೆಸಿ ಕೊಡುವಂಥದ್ದಲ್ಲ

ಕಳೆದ ವರ್ಷ ರಮಝಾನಿಗೆ ಇನ್ನೂ ಹದಿನೈದು ದಿನ ಇರುವಾಗ ಪುಣೆಯ ಕೊಂಢ್ವಾದಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. ತವರು ವಿಜಯಪುರದ ಕಡೆ, ಗಂಡನಿಗೆ ಗ್ಯಾರೇಜಿನಲ್ಲಿ ಕೆಲಸ. ಆ ಮಾತು ಈ ಮಾತು ಆಡಿ, ಕೊನೆಗೆ ದನಿ ತಗ್ಗಿಸಿ ಕೇಳಿದಳು: "ಆಪಾ, ಅವರಿಗೆ ಗೊತ್ತಾಗದಂಗ ಚಾದಾಗ ಹಾಕಿ ಕೊಡೋ ಗುಳಿಗಿ ಐತಂತಲ್ಲ, ಖರೆ ಏನು? ನಿಮ್ಮ ಕಡೆ ಸಿಗ್ತದೇನು?"

ನಾನು ಡಾಕ್ಟರಲ್ಲ, ಫಾರ್ಮಾಸಿಸ್ಟ್. ಔಷಧಿ ಕೌಂಟರಿನ ಹಿಂದೆ ನಿಂತು ವರ್ಷಗಳಾದವು. ಈ ಪ್ರಶ್ನೆ ನನಗೆ ಹೊಸದಲ್ಲ. ಕೇಳುವವರು ಹೆಚ್ಚಾಗಿ ಹೆಂಡತಿಯರು, ಇಲ್ಲವೆ ತಾಯಂದಿರು. ನಮ್ಮ ಸಮುದಾಯದವರು ಬಂದರೆ ಒಂದು ಮಾತು ಹೆಚ್ಚಿಗೆ ಇರುತ್ತದೆ: "ಜಮಾಅತಿನವರಿಗೆ ತಿಳಿದರೆ ಮರ್ಯಾದೆ ಹೋಗುತ್ತದೆ." ಮುಸ್ಲಿಮರಲ್ಲಿ ಕುಡಿತವೇ ಇಲ್ಲ ಎಂದು ನಾವು ಹೊರಗಿನವರಿಗೆ ಹೇಳಿ ಹೇಳಿ ಒಳಗಿನವರೂ ಬಾಯಿ ಬಿಡದ ಹಾಗೆ ಮಾಡಿಬಿಟ್ಟಿದ್ದೇವೆ. ಆದ್ದರಿಂದ ಅವಳು ಕೇಳಿದ್ದಕ್ಕೆ ಕೊಟ್ಟ ಉತ್ತರವನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಔಷಧಿ ಇದೆ, ಕೆಲಸವನ್ನೂ ಮಾಡುತ್ತದೆ. ಆದರೆ ಕದ್ದು ಕೊಟ್ಟರೆ ಜೀವಕ್ಕೇ ಎರವಾಗಬಹುದು.

ಅವಳು ಕೇಳಿದ ಗುಳಿಗೆಯ ಹೆಸರು ಡೈಸಲ್ಫಿರಾಮ್. ಅದರ ಕಥೆ ವಿಚಿತ್ರವಾಗಿದೆ. ಅದು ಮೂಲತಃ ರಬ್ಬರ್ ಕಾರ್ಖಾನೆಗಳಲ್ಲಿ ಬಳಸುತ್ತಿದ್ದ ರಾಸಾಯನಿಕ. ಅಂಥ ವಸ್ತುಗಳ ನಡುವೆ ಕೆಲಸ ಮಾಡುವವರಿಗೆ ಮದ್ಯ ಒಗ್ಗುವುದಿಲ್ಲ ಎಂಬುದನ್ನು 1930ರ ದಶಕದಲ್ಲೇ ಒಬ್ಬ ಅಮೆರಿಕದ ವೈದ್ಯರು ಗಮನಿಸಿದ್ದರು. ಆಮೇಲೆ ಡೆನ್ಮಾರ್ಕಿನ ಹಾಲ್ಡ್ ಮತ್ತು ಯಾಕೊಬ್ಸೆನ್ ಎಂಬ ಇಬ್ಬರು ಇದನ್ನು ಹೊಟ್ಟೆಯ ಹುಳುವಿಗೆ ಔಷಧಿ ಮಾಡಬಹುದೇ ಎಂದು ಪರೀಕ್ಷಿಸುತ್ತ ತಾವೇ ನುಂಗಿದರು. ಮದ್ಯ ಕುಡಿದಾಗ ಇಬ್ಬರಿಗೂ ವಿಪರೀತ ಸಂಕಟವಾಯಿತು. 1948ರಲ್ಲಿ ಕುಡಿತ ಬಿಡಿಸುವ ಔಷಧಿಯಾಗಿ ಅದು ಪ್ರಕಟವಾದದ್ದು ಹೀಗೆ.

ಕೆಲಸ ಮಾಡುವ ಬಗೆ ಸರಳ. ಕುಡಿದ ಮದ್ಯವನ್ನು ನಮ್ಮ ಲಿವರ್ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ, ಆಮೇಲೆ ನಿರುಪದ್ರವಿ ವಸ್ತುವಾಗಿ ಬದಲಿಸುತ್ತದೆ. ಡೈಸಲ್ಫಿರಾಮ್ ಆ ಎರಡನೆಯ ಹಂತಕ್ಕೆ ಅಡ್ಡ ನಿಲ್ಲುತ್ತದೆ. ವಿಷ ಮೈಯಲ್ಲೇ ಉಳಿದು ಮುಖ ಕೆಂಪೇರುತ್ತದೆ, ತಲೆ ಸಿಡಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿ ಆಗುತ್ತದೆ, ಬಿಪಿ ಇಳಿಯುತ್ತದೆ. "ಕುಡಿದರೆ ಹೀಗಾಗುತ್ತದೆ" ಎಂಬ ಭಯವೇ ಈ ಔಷಧಿಯ ಶಕ್ತಿ. ಗುಳಿಗೆ ನುಂಗಿದ್ದು ಗೊತ್ತೇ ಇಲ್ಲದವನಿಗೆ ಭಯ ಎಲ್ಲಿಂದ ಬರಬೇಕು? ಅವನು ದಿನದಂತೆ ಕ್ವಾರ್ಟರ್ ಏರಿಸುತ್ತಾನೆ, ದಾರಿಯಲ್ಲೇ ಕುಸಿಯುತ್ತಾನೆ. ಹೃದಯದ ಕಾಯಿಲೆ ಇದ್ದವನಾದರೆ ಏಳದೆಯೂ ಇರಬಹುದು. ಆಸ್ಪತ್ರೆಯಲ್ಲಿ ಡಾಕ್ಟರು "ಏನು ತಗೊಂಡಿದ್ದಾರೆ?" ಎಂದು ಕೇಳಿದರೆ ಹೆಂಡತಿ ಹೆದರಿ ಸುಮ್ಮನಾಗುತ್ತಾಳೆ. ಬದುಕಿ ಮನೆಗೆ ಬಂದ ಮೇಲೆ ವಿಷಯ ತಿಳಿಯಿತೆಂದರೆ, ಅವಳ ಕೈಯಿಂದ ಒಂದು ಲೋಟ ನೀರನ್ನೂ ಅವನು ನಂಬಿ ಕುಡಿಯುವುದಿಲ್ಲ. ಅಮೆರಿಕದಲ್ಲಿ ಈ ಔಷಧಿಯ ಜೊತೆ ಬರುವ ಅತಿ ಗಂಭೀರ ಎಚ್ಚರಿಕೆಯೇ ಇದು: ಅಮಲಿನಲ್ಲಿರುವವನಿಗೆ ಕೊಡಬಾರದು, ಅವನಿಗೆ ಪೂರ್ತಿ ತಿಳಿಸದೆಯೂ ಕೊಡಬಾರದು, ಮನೆಯವರಿಗೂ ಇದನ್ನು ಹೇಳಬೇಕು.

ಇನ್ನು ಮೊಬೈಲಿನಲ್ಲಿ, ರೈಲಿನ ಗೋಡೆಯ ಮೇಲೆ ಕಾಣುವ "ಗೊತ್ತಾಗದಂತೆ ಕುಡಿತ ಬಿಡಿಸಿ" ಎಂಬ ಪುಡಿಗಳ ವಿಷಯ. ಪೊಟ್ಟಣದಲ್ಲಿ ಏನಿದೆ ಎಂದು ಬರೆದಿಲ್ಲದ್ದನ್ನು ನಾನು ಯಾರ ಹೊಟ್ಟೆಗೂ ಹಾಕಲಾರೆ.

ಹಾಗಂತ ಡೈಸಲ್ಫಿರಾಮ್ ಕೆಟ್ಟ ಔಷಧಿಯಲ್ಲ. ಮುಂಬೈಯ ಡಿಸೋಜಾ ಎಂಬ ಇಬ್ಬರು ವೈದ್ಯರು 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ನೂರು ಗಂಡಸರು, ಒಂದು ವರ್ಷ. ಅರ್ಧ ಜನಕ್ಕೆ ಡೈಸಲ್ಫಿರಾಮ್, ಉಳಿದರ್ಧಕ್ಕೆ ನಾಲ್ಟ್ರೆಕ್ಸೋನ್ ಎಂಬ ಇನ್ನೊಂದು ಔಷಧಿ. ವರ್ಷದ ಕೊನೆಗೆ ಮೊದಲ ಗುಂಪಿನಲ್ಲಿ ನೂರಕ್ಕೆ 86 ಮಂದಿ ಕುಡಿಯದೆ ಉಳಿದಿದ್ದರು, ಎರಡನೆಯದರಲ್ಲಿ 44. ಇಷ್ಟು ಓದಿ ಎದ್ದು ಮೆಡಿಕಲ್‌ಗೆ ಓಡಬೇಡಿ. ಆ ನೂರು ಮಂದಿಯನ್ನು ಆಯ್ದುಕೊಂಡದ್ದೇ ಮನೆಯವರೊಬ್ಬರು ಜೊತೆಗಿದ್ದು ಡಾಕ್ಟರ ಬಳಿಗೆ ಕರೆದುಕೊಂಡು ಬರುತ್ತಾರೆ ಎಂಬ ಷರತ್ತಿನ ಮೇಲೆ. ಗಂಡನಿಗೆ ಗೊತ್ತಿತ್ತು, ಹೆಂಡತಿಗೆ ಗೊತ್ತಿತ್ತು, ಡಾಕ್ಟರಿಗೆ ಗೊತ್ತಿತ್ತು.

ಈ ಗುಳಿಗೆ ಶುರು ಮಾಡುವ ಮೊದಲು ಕೊನೆಯ ಗುಟುಕಿನಿಂದ ಕಡಿಮೆಯೆಂದರೆ 12 ತಾಸು ಕಳೆದಿರಬೇಕು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಇರಬಹುದು. ಹೃದ್ರೋಗಿಗಳಿಗೆ, ಮಾನಸಿಕ ಭ್ರಮೆಯ ಕಾಯಿಲೆ ಇದ್ದವರಿಗೆ ಆಗದು. ಲಿವರ್ ಪರೀಕ್ಷೆ ಬೇಕೇ ಬೇಕು. ಕೆಮ್ಮಿನ ಸಿರಪ್, ಹೋಮಿಯೋಪತಿ ಹನಿಗಳು, ಮೌತ್‌ವಾಶ್ ಇವುಗಳಲ್ಲಿ ಆಲ್ಕೋಹಾಲ್ ಇರುತ್ತದೆ, ಆದ್ದರಿಂದ ದೂರವಿಡಿ. ಬೇಧಿ ಆದಾಗ ಅಂಗಡಿಯಲ್ಲಿ ಕೇಳಿ ತರುವ ಮೆಟ್ರೊನಿಡಜೋಲ್ ಗುಳಿಗೆಯನ್ನಂತೂ ಇದರ ಜೊತೆ ತಗೊಳ್ಳಲೇಬಾರದು. ಅತ್ತರಿನ ಬಗ್ಗೆ ಹಲವರು ಕೇಳುತ್ತಾರೆ: ಎಣ್ಣೆಯ ಅತ್ತರಿಗೆ ಅಡ್ಡಿಯಿಲ್ಲ, ಸ್ಪ್ರೇ ಸೆಂಟಿನಲ್ಲಿ ಆಲ್ಕೋಹಾಲ್ ಇರುತ್ತದೆ.

ನಾಲ್ಟ್ರೆಕ್ಸೋನ್ ಬೇರೆ ದಾರಿ ಹಿಡಿಯುತ್ತದೆ. ಕುಡಿದಾಗ ಮಿದುಳಿನಲ್ಲಿ ಸುಖ ಕೊಡುವ ಎಂಡಾರ್ಫಿನ್ ಹೊಮ್ಮುತ್ತದಲ್ಲ, ಅದು ಬಂದು ಕೂರುವ ಜಾಗದಲ್ಲಿ ಇದು ಮೊದಲೇ ಹೋಗಿ ಕೂತಿರುತ್ತದೆ. ಕುಡಿದರೂ ಮಜಾ ಬರುವುದಿಲ್ಲ, ಬರಬರುತ್ತ ಆಸೆ ಸಡಿಲಾಗುತ್ತದೆ. ನಡುವೆ ಒಮ್ಮೆ ಕುಡಿದುಬಿಟ್ಟರೂ ಡೈಸಲ್ಫಿರಾಮ್‌ನಂಥ ಅನಾಹುತ ಆಗುವುದಿಲ್ಲ. ಸಾಮಾನ್ಯವಾಗಿ ದಿನಕ್ಕೆ 50 ಮಿಲಿಗ್ರಾಮಿನ ಒಂದು ಗುಳಿಗೆ. ಶುರುವಿನಲ್ಲಿ ವಾಕರಿಕೆ, ತಲೆನೋವು ಇರಬಹುದು. ಟ್ರಮಡಾಲ್, ಕೊಡೀನ್ ಥರದ ನೋವಿನ ಅಥವಾ ಕೆಮ್ಮಿನ ಔಷಧಿ ತಗೊಳ್ಳುವವರಿಗೆ ಇದನ್ನು ಕೊಡುವಂತಿಲ್ಲ. ಆಪರೇಶನ್ ಇದ್ದರೆ ಮೊದಲೇ ಹೇಳಬೇಕು.

ಅಕಾಂಪ್ರೊಸೇಟ್ ಎಂಬುದು ಕುಡಿತ ನಿಲ್ಲಿಸಿದ ಮೇಲೆ ಕೊಡುವಂಥದ್ದು. ಬಿಟ್ಟವನಿಗೆ ತಿಂಗಳುಗಟ್ಟಲೆ ಕಾಡುವ ಚಡಪಡಿಕೆ, ನಿದ್ದೆಗೇಡುಗಳನ್ನು ತಗ್ಗಿಸುತ್ತದೆ. ಇದು ಹೊರಹೋಗುವುದು ಕಿಡ್ನಿಯ ಮೂಲಕ, ಹಾಗಾಗಿ ಲಿವರ್ ಸ್ವಲ್ಪ ಕೆಟ್ಟವರಿಗೂ ಆದೀತು, ಕಿಡ್ನಿ ಕೆಟ್ಟವರಿಗೆ ಆಗದು. ತೊಂದರೆ ಎಂದರೆ ದಿನಕ್ಕೆ ಮೂರು ಸಲ, ಎರಡೆರಡು ಗುಳಿಗೆ. ಸಿರೋಸಿಸ್ ಆದವರಿಗೆ ಡಾಕ್ಟರು ಬ್ಯಾಕ್ಲೊಫೆನ್ ಕೊಡುವುದೂ ಉಂಟು. 2007ರಲ್ಲಿ ಇಟಲಿಯ ವೈದ್ಯರು ಅಂಥವರ ಮೇಲೇ ಅಧ್ಯಯನ ಮಾಡಿ ಪ್ರಯೋಜನ ಕಂಡಿದ್ದರು. ಅದನ್ನು ಒಮ್ಮೆಲೇ ನಿಲ್ಲಿಸುವಂತಿಲ್ಲ.

ಇವು ಯಾವುವೂ ಜಾದೂ ಅಲ್ಲ. ಅನೇಕ ಅಧ್ಯಯನಗಳನ್ನು ಒಟ್ಟಿಗಿಟ್ಟು 2014ರಲ್ಲಿ ಲೆಕ್ಕ ಹಾಕಿದಾಗ ಕಂಡದ್ದು ಇದು: ಹನ್ನೆರಡು ಮಂದಿಗೆ ಅಕಾಂಪ್ರೊಸೇಟ್ ಕೊಟ್ಟರೆ, ಬರೀ ಸಕ್ಕರೆ ಗುಳಿಗೆ ಕೊಟ್ಟಿದ್ದಕ್ಕಿಂತ ಒಬ್ಬ ಹೆಚ್ಚಿಗೆ ಕುಡಿತಕ್ಕೆ ಮರಳದೆ ಉಳಿಯುತ್ತಾನೆ. ನಾಲ್ಟ್ರೆಕ್ಸೋನ್ ಕೂಡ ಹನ್ನೆರಡರಲ್ಲಿ ಒಬ್ಬನನ್ನು ವಿಪರೀತ ಕುಡಿತಕ್ಕೆ ಮರಳದಂತೆ ತಡೆಯುತ್ತದೆ. ಕಡಿಮೆ ಅನ್ನಿಸಬಹುದು. ದಿನವೂ ನುಂಗುವ ಅನೇಕ ಔಷಧಿಗಳ ಲೆಕ್ಕ ಇದಕ್ಕಿಂತ ಉತ್ತಮವೇನಲ್ಲ ಎಂದು ಫಾರ್ಮಾಸಿಸ್ಟಾಗಿ ಹೇಳಬಲ್ಲೆ. ಜೊತೆಗೆ ಕೌನ್ಸೆಲಿಂಗ್ ಬೇಕು, ಮನೆಯವರ ಆಸರೆ ಬೇಕು.

ಈಗ ರಮಝಾನಿನ ಮಾತಿಗೆ ಬರುತ್ತೇನೆ, ಯಾಕೆಂದರೆ ಆ ಹೆಣ್ಣುಮಗಳ ಫೋನಿನಲ್ಲಿ ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಅದೇ. "ಚಾಂದ್ ಕಂಡ ರಾತ್ರಿಯಿಂದ ಬಂದ್ ಮಾಡ್ತೀನಿ ಅಂದಾರ, ಹ್ವಾದ ವರ್ಷನೂ ಮಾಡಿದ್ರು. ಮೂರನೇ ದಿನಕ್ಕ ಕೈಕಾಲು ನಡುಗಿ, ಗ್ವಾಡಿ ಮ್ಯಾಲ ಹುಳ ಹರಿದಾಡ್ತಾವ ಅಂತ ಚೀರಿದ್ರು. ಅತ್ತಿ ಜಿನ್ ಅಂತ ತಾವೀಜ್ ಕಟ್ಟಿಸಿದ್ರು." ಅದು ಜಿನ್ ಅಲ್ಲ. ವರ್ಷಗಟ್ಟಲೆ ದಿನವೂ ಕುಡಿದ ಮಿದುಳು ಮದ್ಯದ ಜೊತೆ ಹೊಂದಿಕೊಂಡಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಕೆಲವೇ ತಾಸುಗಳಲ್ಲಿ ನಡುಕ, ಬೆವರು ಶುರು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ, ಮೂರನೆಯ ದಿನದ ಹೊತ್ತಿಗೆ ಕೆಲವರಿಗೆ ಜ್ವರ, ಗೊಂದಲ, ಇಲ್ಲದ್ದು ಕಾಣುವುದು. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಸಾವೂ ಬರಬಹುದು. ದುಆ ಮಾಡಿ, ಖಂಡಿತ ಮಾಡಿ, ಆದರೆ ಆಸ್ಪತ್ರೆಗೆ ಹೋಗುವ ರಿಕ್ಷಾದಲ್ಲಿ ಕೂತು ಮಾಡಿ.

ಅಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್ ಥರದ ಔಷಧಿಯನ್ನು ಮೊದಲು ಹೆಚ್ಚು ಕೊಟ್ಟು, ಸುಮಾರು ಒಂದು ವಾರದಲ್ಲಿ ಇಳಿಸುತ್ತ ನಿಲ್ಲಿಸುತ್ತಾರೆ. ಲಿವರ್ ಕೆಟ್ಟಿದ್ದರೆ ಲೊರಾಜೆಪಾಮ್. ಜೊತೆಗೆ ಥಯಮಿನ್ ಎಂಬ ಬಿ1 ವಿಟಮಿನ್ ಇಂಜೆಕ್ಷನ್. ಅದರ ಕೊರತೆಯಿಂದ ನೆನಪಿನ ಶಕ್ತಿಯೇ ಕಾಯಮ್ಮಾಗಿ ಹೋಗಬಹುದು. "ಒಂದು ನಶೆ ಬಿಡಿಸಲು ಇನ್ನೊಂದು ನಶೆಯೇ?" ಎಂದು ಒಬ್ಬ ಹಿರಿಯರು ನನ್ನನ್ನು ಕೇಳಿದ್ದರು. ಈ ವಾರದ ಔಷಧಿಯ ಮಟ್ಟಿಗೆ ಅವರ ಅನುಮಾನ ಪೂರ್ತಿ ತಪ್ಪಲ್ಲ. ಇದು ಚಟ ಹಿಡಿಸಬಲ್ಲದು, ಅದಕ್ಕೇ ಹಳೆ ಚೀಟಿ ತೋರಿಸಿ ಮತ್ತೆ ಮತ್ತೆ ಕೊಳ್ಳಬಾರದು. ಡೈಸಲ್ಫಿರಾಮ್, ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮಾತ್ರ ಅಮಲು ಬರಿಸುವುದಿಲ್ಲ, ಚಟವನ್ನೂ ಹಿಡಿಸುವುದಿಲ್ಲ.

ಆದ್ದರಿಂದ ಬಿಡುವ ಮನಸ್ಸಿದ್ದವರು ಚಾಂದ್ ರಾತ್ರಿಯವರೆಗೆ ಕಾಯದೆ, ರಜಬ್ ಅಥವಾ ಶಅಬಾನಿನಲ್ಲೇ ಡಾಕ್ಟರನ್ನು ಕಾಣಬೇಕು. ದಿನಕ್ಕೊಮ್ಮೆ ತಗೊಳ್ಳುವ ಗುಳಿಗೆಯನ್ನು ಇಫ್ತಾರಿನ ನಂತರ ತಗೊಳ್ಳಬಹುದೇ, ಮೂರು ಸಲದ ಔಷಧಿಯನ್ನು ಏನು ಮಾಡಬೇಕು ಎಂದು ಅವರನ್ನೇ ಕೇಳಿ, ನೀವೇ ಬದಲಿಸಬೇಡಿ. ಉಪವಾಸ ಆಗದಷ್ಟು ಕಾಯಿಲೆ ಇದ್ದವನಿಗೆ ಬೇರೆ ದಿನಗಳಲ್ಲಿ ಪೂರೈಸುವ ರಿಯಾಯಿತಿ ಕುರ್‌ಆನಿನಲ್ಲೇ ಇದೆ.

ಕಾಯಿಲೆ ಎಂಬ ಪದಕ್ಕೆ ಕೆಲವರು ಹುಬ್ಬೇರಿಸುತ್ತಾರೆ, ಗುನಾಹ್ ಅಲ್ಲವೇ ಎನ್ನುತ್ತಾರೆ. ಗುನಾಹ್ ಹೌದು. ಆದರೆ ಕುಡಿದು ಸಿಕ್ಕಿಬಿದ್ದು ಮತ್ತೆ ಮತ್ತೆ ಶಿಕ್ಷೆಗೆ ಒಳಗಾಗುತ್ತಿದ್ದ ಒಬ್ಬನನ್ನು ಯಾರೋ ಶಪಿಸಿದಾಗ ಪ್ರವಾದಿ(ಸ) ಶಪಿಸಿದವನನ್ನೇ ತಡೆದದ್ದು, ಅವನಿಗೆ ಅಲ್ಲಾಹನ ಮೇಲೂ ಪ್ರವಾದಿಯ ಮೇಲೂ ಪ್ರೀತಿಯಿದೆ ಎಂದದ್ದು ಬುಖಾರಿಯಲ್ಲಿದೆ. ದೇಶದ ಕಾನೂನೂ, 2017ರ ಮಾನಸಿಕ ಆರೋಗ್ಯ ಕಾಯ್ದೆ, ಮದ್ಯದ ಚಟಕ್ಕೆ ಸಂಬಂಧಿಸಿದ ತೊಂದರೆಯನ್ನು ಕಾಯಿಲೆಯ ಸಾಲಿನಲ್ಲಿಟ್ಟಿದೆ. ರೋಗಿಯ ಗುಟ್ಟು ಕಾಪಾಡುವುದು ಅದರಡಿ ಆಸ್ಪತ್ರೆಯ ಹೊಣೆ. ಆದರೂ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ.

ಆ ಹೆಣ್ಣುಮಗಳು ಎರಡು ದಿನ ಧೈರ್ಯ ಕೂಡಿಸಿ ಗಂಡನಿಗೇ ಕೇಳಿದಳು: "ಹ್ವಾದ ವರ್ಷದಂಗ ಆಗಬಾರದು, ದವಾಖಾನಿಗೆ ಹೋಗೂಣು ನಡೀರಿ." ಅವನು ಮೊದಲು ಸಿಟ್ಟಾದ, ಆಮೇಲೆ ಅತ್ತನಂತೆ. ಲಿವರ್ ರಿಪೋರ್ಟ್ ನೋಡಿ ಡಾಕ್ಟರು ಡೈಸಲ್ಫಿರಾಮ್ ಬೇಡವೆಂದರು. ಒಂದು ವಾರ ಭರ್ತಿಯಾಗಿದ್ದು ಅಕಾಂಪ್ರೊಸೇಟ್ ಹಿಡಿದು ಮನೆಗೆ ಬಂದ. ನಡುವೆ, ಬಕ್ರೀದಿನ ಹೊತ್ತಿಗೆ, ಒಮ್ಮೆ ಜಾರಿದ. ಮತ್ತೆ ಹೋದರು. ಅವಳು ಮೊದಲು ಕೇಳಿದ ಗುಳಿಗೆಯನ್ನು ಆ ಲಿವರಿಗೆ ಚಹಾದಲ್ಲಿ ಹಾಕಿ ಕೊಟ್ಟಿದ್ದರೆ ಏನಾಗುತ್ತಿತ್ತೋ.

ಹೋಗುವುದೆಲ್ಲಿಗೆ ಎಂದರೆ, ದೊಡ್ಡ ಸರ್ಕಾರಿ ಆಸ್ಪತ್ರೆಗಳ ಮನೋರೋಗ ವಿಭಾಗಕ್ಕೆ ಹೋಗಬಹುದು. ಪುಣೆಯಲ್ಲಿ 1986ರಿಂದ ಮುಕ್ತಾಂಗಣವಿದೆ, ಚೆನ್ನೈಯಲ್ಲಿ ಟಿಟಿಕೆ ಆಸ್ಪತ್ರೆ, ದೆಹಲಿ ಕಡೆಯವರಿಗೆ ಗಾಜಿಯಾಬಾದಿನಲ್ಲಿ ಏಮ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ, ಊರಿಗೆ ಬರುವವರಿಗೆ ಬೆಂಗಳೂರಿನ ನಿಮ್ಹಾನ್ಸ್. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು. ಮೊದಲ ಸಲ ಹೋಗುವಾಗ ಈಗ ನುಂಗುತ್ತಿರುವ ಎಲ್ಲ ಔಷಧಿಗಳ ಪಟ್ಟಿ ಒಯ್ಯಿರಿ, ಕೊನೆಯ ಸಲ ಕುಡಿದದ್ದು ಎಷ್ಟು ಗಂಟೆಗೆ ಎಂದು ಸರಿಯಾಗಿ ಹೇಳಿ. ಹಿಂದೆ ಫಿಟ್ಸ್ ಬಂದಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಹೇಳಿ.