ಹೆತ್ತ ತಾಯಿ, ಸಾಕಿದ ತಾಯಿ ಮತ್ತು ಸಂಬಳ

ಹೆಂಗಸಿನ ಸಂಪಾದನೆ ಗಂಡಸಿನದಕ್ಕಿಂತ ಕಡಮೆಯೇಕೆ ಎಂದು ಕೇಳಿದರೆ, ಬಹುಮಂದಿಯ ನಾಲಗೆಯ ತುದಿಯಲ್ಲಿ ಉತ್ತರ ಸಿದ್ಧವಾಗಿರುತ್ತದೆ: "ಅದು ಪ್ರಕೃತಿಯ ನಿಯಮ, ಹೆರುವವಳು ಅವಳು, ಹಾಲೂಡುವವಳು ಅವಳು." ಮಾತು ಮೇಲ್ನೋಟಕ್ಕೆ ಸರಿಯಾಗಿಯೇ ಇದೆ. ಆದರೆ ಹೆರಿಗೆಯನ್ನೂ ಮಗುವಿನ ಪಾಲನೆಯನ್ನೂ ಬೇರ್ಪಡಿಸಿ ತೂಗುವ ತಕ್ಕಡಿ ಎಲ್ಲಿದೆ?

ಅಂಥದೊಂದು ತಕ್ಕಡಿ ಡೆನ್ಮಾರ್ಕಿನಲ್ಲಿ ದೊರೆಯಿತು. ಅಲ್ಲಿ ಪ್ರತಿಯೊಬ್ಬ ಪ್ರಜೆಯ ಜನನ, ಮದುವೆ, ದತ್ತು, ವರಮಾನಗಳೆಲ್ಲ ಸರ್ಕಾರದ ದಫ್ತರಗಳಲ್ಲಿ ಒಂದೇ ಗುರುತಿನ ಸಂಖ್ಯೆಯಡಿ ದಾಖಲಾಗುತ್ತವೆ. ಹೆನ್ರಿಕ್ ಕ್ಲೆವೆನ್, ಕಾಮಿಯ್ ಲಾಂಡೇ, ಯಾಕೊಬ್ ಸೊಗೋರ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 1980ರಿಂದ 2013ರವರೆಗಿನ ಈ ದಾಖಲೆಗಳನ್ನು ಜಾಲಾಡಿ, 2019ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಚೊಚ್ಚಲ ಮಗು ಬರುವವರೆಗೆ ಸ್ತ್ರೀಪುರುಷರ ವರಮಾನದ ರೇಖೆಗಳು ಜೋಡೆತ್ತುಗಳಂತೆ ಜೊತೆಜೊತೆಯಾಗಿ ಸಾಗುತ್ತವೆ. ಮಗು ಬಂದೊಡನೆ ತಾಯಿಯದು ಥಟ್ಟನೆ ಕುಸಿಯುತ್ತದೆ, ತಂದೆಯದು ಕದಲುವುದಿಲ್ಲ. ಕೆಲವರು ಕೆಲಸ ಬಿಡುತ್ತಾರೆ, ಕೆಲವರು ವೇಳೆ ತಗ್ಗಿಸುತ್ತಾರೆ, ಉಳಿದವರು ಕಡಮೆ ಸಂಬಳಕ್ಕೆ ಒಪ್ಪಿಕೊಳ್ಳುತ್ತಾರೆ. ಮಗು ಬೆಳೆದು ಶಾಲೆಗೆ ಹೋದ ಮೇಲೂ ಸುಮಾರು ಶೇಕಡ 20ರಷ್ಟು ಅಂತರ ಉಳಿದೇ ಇರುತ್ತದೆ. ಇದು ಸಮಾನ ವೇತನದ ಕಾನೂನು 1976ರಲ್ಲಿಯೇ ಬಂದ, ಶಿಶುವಿಹಾರಗಳಿಗೆ ಕೊರತೆಯಿಲ್ಲದ ನಾಡಿನ ಕಥೆ!

ಇಷ್ಟಕ್ಕೇ ಪ್ರಕೃತಿವಾದಿಗಳು ಗೆದ್ದೆವೆಂದು ಬೀಗಬಹುದಾಗಿತ್ತು. ಆದರೆ 2021ರಲ್ಲಿ ಅದೇ ಮೂವರು ದತ್ತು ತಾಯಂದಿರ ಲೆಕ್ಕ ತೆಗೆದರು. ಇವರಿಗೆ ಬಸಿರಿಲ್ಲ, ಹೆರಿಗೆಯ ನೋವಿಲ್ಲ, ಬಾಣಂತಿಯ ನಿತ್ರಾಣವಿಲ್ಲ. ದೇಹವೇ ಕಾರಣವಾಗಿದ್ದರೆ ಇವರ ವರಮಾನ ಬೀಳಬಾರದಷ್ಟೆ?

ಬಿದ್ದಿತು. ಮೊದಮೊದಲು ಹೆತ್ತವಳ ನಷ್ಟ ತುಸು ಹೆಚ್ಚು, ನಿಜ. ವರ್ಷಗಳು ಉರುಳಿದಂತೆ ಆ ವ್ಯತ್ಯಾಸವೂ ಅಳಿಸಿಹೋಗಿ, ಹೆತ್ತವಳೂ ಸಾಕಿದವಳೂ ಒಂದೇ ಮೆಟ್ಟಿಲ ಮೇಲೆ ನಿಲ್ಲುತ್ತಾರೆ. ಮಗುವಿನ ಹಂಬಲವೇ ಹೆಣ್ಣಿಗೆ ಹುಟ್ಟಿನಿಂದ ಬಂದದ್ದು ಎನ್ನುವವರ ಬಾಯಿಯನ್ನು ಈ ಲೆಕ್ಕ ಪೂರ್ತಿ ಮುಚ್ಚಿಸಲಾರದು. ಬಸಿರು ಬಾಣಂತನಗಳ ಮೇಲೆ ಹೊರೆ ಹಾಕಿ ಕೈತೊಳೆದುಕೊಳ್ಳುವಂತೆ ಮಾತ್ರ ಇಲ್ಲ.

ಮೊದಲಿನ ಪ್ರಬಂಧದಲ್ಲಿ ಇನ್ನೊಂದು ಸ್ವಾರಸ್ಯವುಂಟು. ತನ್ನ ತಂದೆಗೆ ಹೋಲಿಸಿದರೆ ತಾಯಿ ಹೊರಗಿನ ದುಡಿಮೆಗೆ ಹೋದದ್ದು ಕಡಮೆ ಎಂಬ ಮನೆಯಲ್ಲಿ ಬೆಳೆದ ಮಗಳಿಗೆ, ತಾನು ತಾಯಾದಾಗ ಹೆಚ್ಚಿನ ನಷ್ಟ. ಗಂಡನ ತಾಯ್ತಂದೆಗಳು ಹೇಗೆ ದುಡಿದರೆಂಬುದಕ್ಕೂ ಈ ನಷ್ಟಕ್ಕೂ ಸಂಬಂಧ ಕಾಣಲಿಲ್ಲ. ಎಲ್ಲಕ್ಕೂ ಅತ್ತೆಯನ್ನೇ ದೂರುವವರಿಗೆ ಡೆನ್ಮಾರ್ಕಿನಲ್ಲಿ ನಿರಾಶೆ ಕಾದಿದೆ.