ಅಪ್ಪನ ಕಾರಿನ ಆಂಟೆನಾ: ಬದಲಾಯಿಸುವ ಮೊದಲು ಬಿಚ್ಚಿ ನೋಡಿ

ರೇಡಿಯೋ ಸ್ವಿಚ್ ಒತ್ತಿದ ಕೂಡಲೇ ಬಾನೆಟ್ ಪಕ್ಕದಿಂದ 'ಝೂಂ...' ಅಂತ ಸದ್ದು ಮಾಡುತ್ತಾ ಬೆಳ್ಳಿ ಬಣ್ಣದ ಉದ್ದದ ಕಡ್ಡಿಯೊಂದು ಮೇಲೇಳೋದನ್ನು ನೋಡಿದ್ದೀರಾ? ತೊಂಬತ್ತರ ದಶಕದಲ್ಲಿ ಬೆಳೆದವರಾದರೆ ಖಂಡಿತ ನೋಡಿರುತ್ತೀರಿ. ಅದರ ಹೆಸರು ಪವರ್ ಆಂಟೆನಾ. ನಮ್ಮ ಕೇರಿಯಲ್ಲಿ ಅದಿದ್ದದ್ದು ಅಪ್ಪನ ಕಾರಿಗೆ ಮಾತ್ರ. 1997ರಲ್ಲಿ ಕಾರು ಕೊಂಡಾಗ ಅಪ್ಪ ಆಕ್ಸೆಸರಿ ಅಂಗಡಿಯಲ್ಲಿ ಕ್ಯಾಸೆಟ್ ಪ್ಲೇಯರ್ ಜೊತೆ ಹಾಕಿಸಿದ್ದರು. ಅದನ್ನು ಏಳಿಸಿ ಇಳಿಸಿ ಆಡೋದೇ ನಮ್ಮ ಭಾನುವಾರದ ಮನರಂಜನೆ. "ಬ್ಯಾಟರಿ ಇಳಿದುಹೋಗತ್ತೆ, ಬಿಡ್ರೋ" ಅಂತ ಅಮ್ಮ ಒಳಗಿಂದ ಕೂಗೋರು.

ಆ ಕಾರು ಈಗಲೂ ತುಮಕೂರಿನ ಮನೆ ಮುಂದೆ ಇದೆ. ಹೋದ ಮಳೆಗಾಲದಲ್ಲಿ ಆಂಟೆನಾ ಅರ್ಧಕ್ಕೆ ನಿಂತಿತು. ರೇಡಿಯೋ ಹಾಕಿದರೆ 'ಟಕ ಟಕ ಟಕ' ಅಂತ ಹತ್ತು ಸೆಕೆಂಡ್ ಸದ್ದು, ಆಮೇಲೆ ಮೌನ. ಬೆಂಗಳೂರಿನ ಸ್ಟೇಷನ್‌ಗಳು ಗೊರಗೊರ ಅನ್ನತೊಡಗಿದವು. ಬೆಳಿಗ್ಗೆ ಪ್ರದೇಶ ಸಮಾಚಾರ ಕೇಳುತ್ತಾ ಮಾರ್ಕೆಟ್‌ಗೆ ಹೋಗಿ ತರಕಾರಿ ತರೋದು ಅಪ್ಪನ ವರ್ಷಗಳ ಅಭ್ಯಾಸ. ಅದು ಮೆಲ್ಲಗೆ ತಪ್ಪಿತು. ಕಾರು ವಾರಗಟ್ಟಲೆ ಕವರ್ ಒಳಗೇ ನಿಲ್ಲತೊಡಗಿತು.

ಫೋನಿನಲ್ಲಿ ಕೇಳಿದೆ. "ತೆಗೆಯೋಕೆ ಬೇಜಾರು ಕಣಮ್ಮ" ಅಂದರು.

ನಾನು ಸಲೀಸಾಗಿ ಹೇಳಿಬಿಟ್ಟೆ: "ಹಾಗಾದ್ರೆ ಮಾರಿಬಿಡೋಣ ಅಪ್ಪ. ಹೆಂಗೂ 2027ಕ್ಕೆ ಆರ್‌ಸಿ ರಿನ್ಯೂವಲ್ ಬರತ್ತೆ." ಖಾಸಗಿ ಕಾರಿನ ನೋಂದಣಿ ಮೊದಲ 15 ವರ್ಷಕ್ಕೆ, ಆಮೇಲೆ ಪ್ರತಿ 5 ವರ್ಷಕ್ಕೊಮ್ಮೆ ಫಿಟ್‌ನೆಸ್ ಮಾಡಿಸಿ ನವೀಕರಿಸಬೇಕಲ್ಲ, ಆ ಲೆಕ್ಕ. ಅಪ್ಪ ಏನೂ ಹೇಳದೆ ಫೋನನ್ನು ಅಮ್ಮನ ಕೈಗೆ ಕೊಟ್ಟರು.

ಊರಿಗೆ ಹೋದಾಗ ಗೊತ್ತಾಯ್ತು, ಅವರು ಆಗಲೇ ಎರಡು ಕಡೆ ತೋರಿಸಿದ್ದರು. ಒಬ್ಬರು "ಇದೆಲ್ಲಾ ಈಗೆಲ್ಲಿ ಸಿಗತ್ತೆ ಸಾರ್, ವೈರ್ ಕಟ್ ಮಾಡ್ಬಿಡಿ" ಅಂದರಂತೆ. ಇನ್ನೊಬ್ಬರು ಪೂರ್ತಿ ಹೊಸದು ಹಾಕಿಸಿ ಅಂದರಂತೆ. ನಾನು ಬೇರೆ ಟಚ್ ಸ್ಕ್ರೀನ್ ಸ್ಟೀರಿಯೋ ಕೊಡಿಸ್ತೀನಿ ಅಂದಿದ್ದೆ.

"ಎಲ್ಲರೂ ಬದಲಾಯ್ಸು ಅಂತೀರ. ಏನು ಹಾಳಾಗಿದೆ ಅಂತ ಒಬ್ಬರೂ ನೋಡಲಿಲ್ಲ" ಅಂದರು ಅಪ್ಪ.

ಸರಿ, ನೋಡೇಬಿಡೋಣ ಅಂತ ಭಾನುವಾರ ಕೂತೆವು. ಅಂದು ಕಲಿತದ್ದು, ಆಮೇಲೆ ಓದಿ ತಿಳಿದುಕೊಂಡದ್ದು ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ಹಳೇ ಕಾರಿದ್ದರೆ ಉಪಯೋಗವಾದೀತು.

ಒಳಗೆ ಏನಿರತ್ತೆ?

ಹೊರಗೆ ಕಾಣೋ ಕಡ್ಡಿಗೆ ಮಾಸ್ಟ್ ಅಂತಾರೆ. ಒಂದರೊಳಗೊಂದು ಸೇರಿಕೊಳ್ಳೋ ಲೋಹದ ಕೊಳವೆಗಳು. ಅತ್ಯಂತ ಒಳಗಿನ ಸಣ್ಣ ಕಡ್ಡಿಯ ಬುಡಕ್ಕೆ ನೈಲಾನಿನ ಒಂದು ಹುರಿ ಜೋಡಿಸಿರತ್ತೆ. ಆ ಹುರಿಯ ಒಂದು ಬದಿಗೆ ಗರಗಸದ ಹಾಗೆ ಸಣ್ಣ ಸಣ್ಣ ಹಲ್ಲುಗಳು. ಕೆಳಗಿನ ಪೆಟ್ಟಿಗೆಯಲ್ಲಿ 12 ವೋಲ್ಟಿನ ಪುಟ್ಟ ಮೋಟಾರ್, ಗೇರ್, ಹುರಿ ಸುತ್ತಿಕೊಳ್ಳೋಕೆ ಒಂದು ಡ್ರಮ್.

ರೇಡಿಯೋ ಆನ್ ಮಾಡಿದಾಗ ಸ್ಟೀರಿಯೋದಿಂದ ಒಂದು ತೆಳು ವೈರಿನಲ್ಲಿ ಸಿಗ್ನಲ್ ಹೋಗತ್ತೆ. ಮೋಟಾರ್ ತಿರುಗಿ ಹುರಿಯನ್ನು ಮೇಲಕ್ಕೆ ತಳ್ಳತ್ತೆ, ಮಾಸ್ಟ್ ಏಳತ್ತೆ. ಆಫ್ ಮಾಡಿದರೆ ಮೋಟಾರ್ ಉಲ್ಟಾ ತಿರುಗಿ ಹುರಿಯನ್ನು ಎಳೆದುಕೊಳ್ಳತ್ತೆ. ಅದಕ್ಕೇ ಇದಕ್ಕೆ ಬ್ಯಾಟರಿಯಿಂದ ನೇರ ಬರೋ ಇನ್ನೊಂದು ವೈರೂ ಬೇಕು. ಇಲ್ಲದಿದ್ದರೆ ರೇಡಿಯೋ ಆಫ್ ಆದ ಮೇಲೆ ಇಳಿಯೋಕೆ ಕರೆಂಟೇ ಇರಲ್ಲ.

ಇಷ್ಟರಲ್ಲಿ ಸಾಮಾನ್ಯವಾಗಿ ಮೊದಲು ಸಾಯೋದು ಮೋಟಾರ್ ಅಲ್ಲ, ಆ ಹುರಿ. ವರ್ಷಗಳ ಬಿಸಿಲಿಗೆ ನೈಲಾನ್ ಪೆಡಸಾಗಿ ತುಂಡಾಗತ್ತೆ ಅಥವಾ ಹಲ್ಲು ಸವೆಯತ್ತೆ. ಹುರಿ ಮಾಸ್ಟ್‌ಗೆ ಅಂಟಿಕೊಂಡೇ ಬರೋದರಿಂದ ಮಾಸ್ಟ್ ಮಾತ್ರ ಕೊಂಡರೆ ಸಾಕು. ಇಡೀ ಸೆಟ್ ಬದಲಾಯಿಸಬೇಕಿಲ್ಲ.

ಮೊದಲು ಕಿವಿಗೊಡಿ

ಬಿಚ್ಚುವ ಮೊದಲು ಇಂಜಿನ್ ಆಫ್ ಮಾಡಿ, ಕೀ ಆಕ್ಸೆಸರಿಗೆ ತಿರುಗಿಸಿ, ರೇಡಿಯೋ ಆನ್ ಮಾಡಿ ಹೊರಗೆ ನಿಂತು ಕೇಳಿ. ಅರ್ಧ ರೋಗ ಅಲ್ಲೇ ಗೊತ್ತಾಗತ್ತೆ.

ಮೋಟಾರ್ ತಿರುಗೋ ಸದ್ದು ಬರತ್ತೆ, ಮಾಸ್ಟ್ ಅಲ್ಲಾಡಲ್ಲ: ಹುರಿ ತುಂಡಾಗಿದೆ ಅಥವಾ ಹಲ್ಲು ಹೋಗಿದೆ. ಮಾಸ್ಟ್ ಬದಲಾಯಿಸಿ.

ಅರ್ಧಕ್ಕೆ ನಿಂತು ಟಕಟಕ ಅನ್ನತ್ತೆ: ಕಡ್ಡಿ ಬಾಗಿದೆ, ಧೂಳಿನಿಂದ ಬಿಗಿದಿದೆ ಅಥವಾ ಹುರಿ ಜಾರುತ್ತಿದೆ. ಮೊದಲು ಮಾಸ್ಟ್ ಒರೆಸಿ ನೋಡಿ. ಬಾಗಿದ್ದರೆ ಬದಲಾಯಿಸೋದೇ ದಾರಿ.

ಸದ್ದೇ ಇಲ್ಲ: ಫ್ಯೂಸ್ ನೋಡಿ. ಅದು ಸರಿ ಇದ್ದರೆ ಬ್ಯಾಟರಿ ವೈರ್, ಸಿಗ್ನಲ್ ವೈರ್, ಅರ್ಥ್ ಮೂರನ್ನೂ ಮಲ್ಟಿಮೀಟರ್ ಇಟ್ಟು ನೋಡಬೇಕು. ಮೂರೂ ಸರಿ ಇದ್ದು ಸದ್ದಿಲ್ಲ ಅಂದರೆ ಮಾತ್ರ ಮೋಟಾರ್ ಅಥವಾ ರಿಲೇ ಮೇಲೆ ಅನುಮಾನ.

ಪೂರ್ತಿ ಏಳತ್ತೆ, ಆದ್ರೂ ಗೊರಗೊರ: ಆಂಟೆನಾ ಕೇಬಲ್ಲಿನ ಪಿನ್ ಸಡಿಲವಾಗಿದೆ ಅಥವಾ ಬಾಡಿಗೆ ತಾಗೋ ಅರ್ಥ್ ಜಾಗ ತುಕ್ಕು ಹಿಡಿದಿದೆ.

ನಮ್ಮದು ಎರಡನೆಯದು ಅಂದುಕೊಂಡಿದ್ದೆವು. ಒರೆಸಿ ಇನ್ನೊಮ್ಮೆ ಆನ್ ಮಾಡಿದಾಗ ಟಕಟಕವೂ ನಿಂತು ಮೋಟಾರ್ ಸುಮ್ಮನೆ ಗುಂಯ್ ಅಂತು. "ಹುರಿ ಹೋಯ್ತು" ಅಂದರು ಅಪ್ಪ.

ಮಾಸ್ಟ್ ಕೊಳ್ಳೋಕೆ ಹೋಗೋ ಮುಂಚೆ

ಹಳೇ ಮಾಸ್ಟನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಫೋಟೋ ಸಾಲದು. ಹೋಲಿಸಬೇಕಾದ್ದು ನಾಲ್ಕು: ಹುರಿಯ ದಪ್ಪ, ಅದರ ಉದ್ದ, ಹಲ್ಲುಗಳ ಅಂತರ, ಬುಡದ ನಟ್‌ನ ಅಳತೆ. ಹುರಿ ಸ್ವಲ್ಪ ಉದ್ದವಿದ್ದರೆ ಕತ್ತರಿಸಬಹುದು, ಗಿಡ್ಡವಿದ್ದರೆ ಮಾಡೋಕೆ ಏನೂ ಇಲ್ಲ. ಕಂಪನಿಯಿಂದಲೇ ಬಂದ ಆಂಟೆನಾ ಆದರೆ ಕಾರಿನ ಮಾಡೆಲ್, ವರ್ಷ ಹೇಳಿ ಕೇಳಿ.

ಬೆಂಗಳೂರಿನಲ್ಲಿ ಜೆ.ಸಿ. ರಸ್ತೆಯ ಅಂಗಡಿಗಳನ್ನು ಸುತ್ತಿದೆ. ಮೂರು ಕಡೆ "ಈಗ ಬರಲ್ಲ ಮೇಡಂ", ನಾಲ್ಕನೇ ಕಡೆ ಅಟ್ಟದ ಮೇಲಿಂದ ಧೂಳು ಹಿಡಿದ ಪ್ಯಾಕೆಟ್ ಇಳಿಸಿಕೊಟ್ಟರು. ಬೆಲೆ, ಅಪ್ಪನಿಗೆ ಹೊಸ ಸೆಟ್‌ಗೆಂದು ಹೇಳಿದ್ದರಲ್ಲಿ ಕಾಲು ಭಾಗವೂ ಇರಲಿಲ್ಲ.

ಬದಲಾಯಿಸೋದು ಹೇಗೆ?

ಇದು ಇಬ್ಬರ ಕೆಲಸ. ಒಬ್ಬರು ರೇಡಿಯೋ ಸ್ವಿಚ್ ಹತ್ತಿರ, ಇನ್ನೊಬ್ಬರು ಮಾಸ್ಟ್ ಹತ್ತಿರ. ಮೇಲೆ ಕರೆಂಟ್ ತಂತಿ ಇಲ್ಲದ ಜಾಗದಲ್ಲಿ ನಿಲ್ಲಿಸಿ. ಕಡ್ಡಿ ಏಳುವಾಗ ಮುಖ ದೂರ ಇರಲಿ.

1. ರೇಡಿಯೋ ಆಫ್ ಇರಲಿ. ಮಾಸ್ಟ್ ಬುಡದ ನಟ್ ಸುತ್ತ ಟೇಪ್ ಅಂಟಿಸಿ, ಬಣ್ಣ ಗೀಚಲ್ಲ. ಸರಿಯಾದ ಸ್ಪ್ಯಾನರ್‌ನಿಂದ ನಟ್ ಬಿಚ್ಚಿ.

2. ರೇಡಿಯೋ ಆನ್ ಮಾಡಿಸಿ. ಮೋಟಾರ್ ಹುರಿಯನ್ನು ಹೊರಗೆ ತಳ್ಳುತ್ತಿದ್ದಂತೆ ಮಾಸ್ಟನ್ನು ನೇರವಾಗಿ ಮೇಲಕ್ಕೆ ಎಳೆದುಕೊಳ್ಳಿ. ಹುರಿ ಪೂರ್ತಿ ಬಂತಾ ನೋಡಿ. ತುದಿ ಮುರಿದಂತೆ ಕಂಡರೆ ಉಳಿದ ತುಂಡು ಒಳಗೇ ಇದೆ ಅಂತ ಅರ್ಥ.

3. ರೇಡಿಯೋ ಆನ್ ಇರುವಾಗಲೇ, ಹೊಸ ಮಾಸ್ಟನ್ನು ಪೂರ್ತಿ ಉದ್ದ ಮಾಡಿ ಹುರಿಯನ್ನು ರಂಧ್ರದೊಳಗೆ ಇಳಿಸಿ. ಹಳೇ ಹುರಿಯ ಹಲ್ಲು ಯಾವ ಕಡೆ ಮುಖ ಮಾಡಿತ್ತೋ ಹೊಸದೂ ಅದೇ ಕಡೆ ಇರಬೇಕು. ಗೇರ್ ತಾಗೋವರೆಗೂ ಮೆಲ್ಲಗೆ ತಳ್ಳಿ.

4. ಈಗ ರೇಡಿಯೋ ಆಫ್ ಮಾಡಿಸಿ. ಗೇರ್ ಹುರಿಯನ್ನು ಕಚ್ಚಿ ಕೆಳಗೆ ಎಳೆದುಕೊಳ್ಳತ್ತೆ. ಮಾಸ್ಟನ್ನು ನೆಟ್ಟಗೆ ಹಿಡಿದು ಅದರ ಜೊತೆ ಇಳಿಸಿ. ಕಚ್ಚದಿದ್ದರೆ ಹುರಿಯನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಆನ್, ಆಫ್.

5. ನಟ್ ಬಿಗಿ ಮಾಡಿ, ಎರಡು ಸಲ ಏಳಿಸಿ ಇಳಿಸಿ. ಮೊದಲ ಸಲ ಪೂರ್ತಿ ಇಳಿಯದಿದ್ದರೆ ಗಾಬರಿ ಬೇಡ, ಎರಡನೇ ಸಲಕ್ಕೆ ಹೆಚ್ಚಾಗಿ ಸರಿಹೋಗತ್ತೆ.

ತುಂಡು ಒಳಗೇ ಉಳಿದರೆ

ನಮ್ಮ ಗ್ರಹಚಾರಕ್ಕೆ ಅದೇ ಆಗಿತ್ತು. ಆಗ ಪೆಟ್ಟಿಗೆಯನ್ನೇ ಹೊರಗೆ ತೆಗೆಯಬೇಕು. ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ಕೆಲವು ಹಳೇ ಸ್ಟೀರಿಯೋಗಳು ಬ್ಯಾಟರಿ ಬಿಚ್ಚಿದರೆ ಕೋಡ್ ಕೇಳುತ್ತವೆ, ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ಮುಂದಿನ ಫೆಂಡರ್‌ನಲ್ಲಿದ್ದರೆ ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನರ್ ತೆಗೆದರೆ ಸಿಗತ್ತೆ, ಹಿಂದೆ ಇದ್ದರೆ ಡಿಕ್ಕಿಯ ಒಳಗಿಂದ. ಚಕ್ರ ಬಿಚ್ಚಬೇಕಾದರೆ ಬರೀ ಜ್ಯಾಕ್ ನಂಬಿ ಕೈ ಹಾಕಬೇಡಿ, ಸ್ಟ್ಯಾಂಡ್ ಕೊಡಿ. ವೈರ್ ಕಳಚುವ ಮೊದಲು ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ.

ಪೆಟ್ಟಿಗೆಯ ಮುಚ್ಚಳ ಬಿಚ್ಚಿದರೆ ಡ್ರಮ್ಮಿನಲ್ಲಿ ಬೆರಳುದ್ದದ ಎರಡು ಹುರಿ ತುಂಡು ಸಿಕ್ಕಿಕೊಂಡಿದ್ದವು. ತೆಗೆದೆವು. ಜೊತೆಗೆ ಇನ್ನೊಂದು ವಿಷಯ ಗೊತ್ತಾಯ್ತು. ಮಳೆ ನೀರು ಹರಿದು ಹೋಗೋಕೆ ಪೆಟ್ಟಿಗೆಯ ಕೆಳಗೆ ಒಂದು ಸಣ್ಣ ರಬ್ಬರ್ ಕೊಳವೆ ಇರತ್ತೆ. ನಮ್ಮದರಲ್ಲಿ ಅದು ಮಣ್ಣು ಕಟ್ಟಿ ಮುಚ್ಚಿಹೋಗಿತ್ತು. ಇನ್ನೊಂದು ಮಳೆಗಾಲ ಹಾಗೇ ಬಿಟ್ಟಿದ್ದರೆ ಒಳಗೆ ನೀರು ನಿಂತು ಮೋಟಾರೂ ತುಕ್ಕು ಹಿಡೀತಿತ್ತು. ವೈರ್ ಕಟ್ ಮಾಡಿ ಸುಮ್ಮನಿದ್ದಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಹೊಸ ಹುರಿ ಮೊದಲ ಎರಡು ಸಲ ಕಚ್ಚಲಿಲ್ಲ. ಮಾಸ್ಟೇ ಸರಿಯಿಲ್ಲ, ವಾಪಸ್ ಕೊಡೋಣ ಅಂತ ನಾನು. ಅಪ್ಪ ಸೀಟಿನಲ್ಲಿ ಕೂತೇ ಸದ್ದು ಕೇಳಿ, "ಹಲ್ಲು ಆ ಕಡೆ ತಿರುಗಿದೆ, ಸ್ವಲ್ಪ ತಿರುಗಿಸು" ಅಂದರು. ತಿರುಗಿಸಿದೆ. ಹುರಿ ನನ್ನ ಕೈಯಿಂದ ಸರ್ರನೆ ಜಾರಿ ಒಳಗೆ ಹೋಯಿತು.

ಅಷ್ಟುದ್ದದ ಕಡ್ಡಿ ಯಾಕೆ ಬೇಕು?

ಶೋಕಿಗೆ ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ. 100 ಮೆಗಾಹರ್ಟ್ಸ್ ಆಸುಪಾಸಿನ ಎಫ್‌ಎಂ ಅಲೆಯ ಉದ್ದ ಸುಮಾರು 3 ಮೀಟರ್. ಅದರ ಕಾಲು ಭಾಗ, ಅಂದರೆ ಸುಮಾರು 75 ಸೆಂಟಿಮೀಟರ್ ಉದ್ದದ ಕಡ್ಡಿ ಆ ಅಲೆಯನ್ನು ಚೆನ್ನಾಗಿ ಹಿಡಿಯತ್ತೆ. ಕಾರಿನ ಹಳೇ ಆಂಟೆನಾಗಳು ಹೆಚ್ಚುಕಮ್ಮಿ ಇದೇ ಉದ್ದಕ್ಕಿರೋದು ಅದಕ್ಕೇ. ಮೀಡಿಯಂ ವೇವ್ ಅಲೆಗಳಂತೂ ನೂರಾರು ಮೀಟರ್ ಉದ್ದ. ಅಲ್ಲಿ ಕಡ್ಡಿ ಎತ್ತರವಿದ್ದಷ್ಟೂ ಲಾಭ. ಬೆಂಗಳೂರಿನೊಳಗೆ ಗಿಡ್ಡ ಆಂಟೆನಾ ಸಾಕಾಗಬಹುದು, ಸುಮಾರು 70 ಕಿ.ಮೀ. ದೂರದ ತುಮಕೂರಿನಲ್ಲಿ ವ್ಯತ್ಯಾಸ ಕಿವಿಗೇ ಗೊತ್ತಾಗತ್ತೆ.

ಈಗಿನ ಕಾರುಗಳಲ್ಲಿ ಗಾಜಿನೊಳಗಿನ ಗೆರೆ, ಛಾವಣಿಯ ಮೀನಿನ ರೆಕ್ಕೆಯಂಥ ಆಂಟೆನಾ ಬಂದಿವೆ. ಸಿಗ್ನಲ್ ಹೆಚ್ಚಿಸಲು ಜೊತೆಗೆ ಆಂಪ್ಲಿಫೈಯರ್ ಇರತ್ತೆ. ಸವೆಯೋ ಹುರಿ, ಮೋಟಾರ್ ಯಾವುದೂ ಬೇಡ. ಪವರ್ ಆಂಟೆನಾ ಮರೆಯಾಗಿದ್ದು ಸಹಜವೇ.

ಆಮೇಲಿನ ಕಾಳಜಿ

ತಿಂಗಳಿಗೊಮ್ಮೆ ಮಾಸ್ಟ್ ಪೂರ್ತಿ ಎತ್ತಿ ಒಣ ಬಟ್ಟೆಯಲ್ಲಿ ಒರೆಸಿ. ಬಟ್ಟೆಗೆ ಒಂದೆರಡು ಹನಿ ತೆಳು ಎಣ್ಣೆ ಸಾಕು. ಗ್ರೀಸ್ ಬೇಡವೇ ಬೇಡ, ಧೂಳು ಮೆತ್ತಿಕೊಂಡು ಬಿಗಿಯತ್ತೆ. ಕಾರು ತೊಳೆಯಲು ಕೊಡುವಾಗ, ಕವರ್ ಹಾಕುವಾಗ, ತಗ್ಗಿನ ಪಾರ್ಕಿಂಗ್‌ಗೆ ಇಳಿಯುವಾಗ ರೇಡಿಯೋ ಆಫ್ ಇರಲಿ. ಅಂಟಿಕೊಂಡಿದೆ ಅಂತ ಕೈಯಿಂದ ಒತ್ತಿ ಇಳಿಸಬೇಡಿ, ಹುರಿ ಮಡಚಿ ಮುರಿಯೋದು ಹಾಗೇ.

ಹೊಸ ಸ್ಟೀರಿಯೋ ಹಾಕಿಸುವುದಾದರೆ ಸಾಮಾನ್ಯವಾಗಿ ನೀಲಿ ವೈರ್ ಪವರ್ ಆಂಟೆನಾಗೆ, ನೀಲಿ-ಬಿಳಿ ವೈರ್ ಆಂಪ್ಲಿಫೈಯರ್‌ಗೆ. ಅದಲುಬದಲಾದರೆ ಬ್ಲೂಟೂತ್ ಹಾಡು ಕೇಳುವಾಗಲೂ ಕಡ್ಡಿ ಏಳಬಹುದು. ಬಣ್ಣವನ್ನಷ್ಟೇ ನಂಬದೆ ಸ್ಟೀರಿಯೋ ಮೇಲಿನ ಚೀಟಿ ನೋಡಿ.

ಮಾಸ್ಟ್ ಎಲ್ಲೂ ಸಿಗಲಿಲ್ಲವಾ? ಹಳೇ ಮಾಸ್ಟ್ ಎತ್ತಿದ ಸ್ಥಿತಿಯಲ್ಲಿ ನಿಲ್ಲುವಂತಿದ್ದರೆ ಹಾಗೇ ಬಿಟ್ಟು ಆಂಟೆನಾದ ಫ್ಯೂಸ್ ತೆಗೆಯಿರಿ. ಆ ಫ್ಯೂಸಿನಲ್ಲಿ ಬೇರೇನೂ ನಡೆಯುತ್ತಿಲ್ಲ ಅಂತ ನೋಡಿಕೊಂಡು ತೆಗೆಯಬೇಕು ಅಷ್ಟೇ. ಮಾಮೂಲಿ ಆಂಟೆನಾದಂತೆ ಕೆಲಸ ನಡೆಯತ್ತೆ.

ಅಂದು ಸಂಜೆ ನಟ್ ಬಿಗಿ ಮಾಡಿ ರೇಡಿಯೋ ಹಾಕಿದೆವು. 'ಝೂಂ...' ಅಂತ ಕಡ್ಡಿ ತುದಿವರೆಗೂ ಎದ್ದಿತು. ಎದುರು ಮನೆಯ ಹುಡುಗ ಓಡಿಬಂದು "ಅಂಕಲ್, ಇನ್ನೊಂದ್ಸಲ" ಅಂದ. ಅಪ್ಪ ನಾಲ್ಕು ಸಲ ಏಳಿಸಿ ಇಳಿಸಿದರು. ಅಮ್ಮ ಒಳಗಿಂದ ಬ್ಯಾಟರಿ ಬಗ್ಗೆ ಕೂಗಿದರು.

ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಕಾರಿನ ಕವರ್ ಮಡಚಿ ಕಟ್ಟೆಯ ಮೇಲಿತ್ತು, ಕಾರು ಇರಲಿಲ್ಲ. ವಾಪಸ್ ಬಂದವರ ಕೈಯಲ್ಲಿ ಹೀರೇಕಾಯಿ, ಕೊತ್ತಂಬರಿ. ಆರ್‌ಸಿ ಮಾತು ನಾನು ಎತ್ತಲಿಲ್ಲ. ಅದಕ್ಕೆ ಇನ್ನೂ ಟೈಮಿದೆ. ಅಲ್ಲಿಯವರೆಗೆ ಕಾರಿನಲ್ಲಿ ಏನೇ ಕೆಟ್ಟರೂ ಮೊದಲು ನನಗೆ ಫೋನ್ ಮಾಡಿ, ಬಿಚ್ಚಿ ನೋಡೋಣ ಅಂತ ಹೇಳಿ ಬಂದಿದ್ದೇನೆ.