ಯರೇಗೌಡ: ರೈಲ್ವೇಸ್ ಬೆಳೆಸಿದ ರಾಯಚೂರು ದಾಂಡಿಗ, ಕರ್ನಾಟಕದ ಗುರು

ರಾಯಚೂರು: ರಾಜ್ಯ ಕ್ರಿಕೆಟ್ ತಂಡದ ಪಟ್ಟಿ ಪ್ರಕಟವಾದಾಗ ಅದರಲ್ಲಿ ತಮ್ಮೂರಿನ ಹೆಸರು ಹುಡುಕುವ ಅಭ್ಯಾಸ ರಾಯಚೂರು ಜಿಲ್ಲೆಯವರಿಗೆ ಇಲ್ಲ. ಆದರೆ ಆ ತಂಡಕ್ಕೆ ತರಬೇತಿ ನೀಡಿ ಪ್ರಶಸ್ತಿಗಳನ್ನು ತಂದುಕೊಟ್ಟ ಯರೇಗೌಡ 1971ರ ನವೆಂಬರ್ 27ರಂದು ಜನಿಸಿದ್ದು ಇದೇ ಬಿಸಿಲೂರಿನಲ್ಲಿ. ಭಾರತದ ಪರ ಒಂದೂ ಪಂದ್ಯವಾಡದೆ ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಏಳು ಸಾವಿರಕ್ಕೂ ಅಧಿಕ ರನ್ ಗಳಿಸಿದ ಈ ದಾಂಡಿಗನ ವೃತ್ತಿಜೀವನ ಗಟ್ಟಿಗೊಂಡದ್ದು ರಾಜ್ಯದ ಹೊರಗೆ ಎಂಬುದು ಗಮನಾರ್ಹ.

ತೊಂಬತ್ತರ ದಶಕದ ಕರ್ನಾಟಕ ತಂಡದಲ್ಲಿ ಸ್ಥಾನ ಉಳಿಸಿಕೊಳ್ಳುವುದು ಸುಲಭವಾಗಿರಲಿಲ್ಲ. 1995-96ರಿಂದ 1998-99ರವರೆಗಿನ ನಾಲ್ಕು ಋತುಗಳಲ್ಲಿ ಮೂರು ಬಾರಿ ರಣಜಿ ಟ್ರೋಫಿ ಗೆದ್ದ ತಂಡವದು. ಯರೇಗೌಡ ಹಿಡಿದದ್ದು ರೈಲ್ವೇಸ್ ದಾರಿ.

ರೈಲ್ವೇಸ್ ಯಾವ ರಾಜ್ಯದ ತಂಡವೂ ಅಲ್ಲ. ಇಲಾಖೆಯು ಕ್ರೀಡಾ ಕೋಟಾದಡಿ ಉದ್ಯೋಗ ನೀಡಿ ದೇಶದ ನಾನಾ ಭಾಗಗಳ ಆಟಗಾರರನ್ನು ಒಂದುಗೂಡಿಸುತ್ತದೆ. ಆಟದ ಜೊತೆಗೆ ತಿಂಗಳ ಸಂಬಳದ ಭದ್ರತೆ. ಐಪಿಎಲ್ ಇಲ್ಲದ ಆ ಕಾಲದಲ್ಲಿ ಸಣ್ಣ ಊರಿನ ಕ್ರಿಕೆಟಿಗನಿಗೆ ಇದೇನೂ ಚಿಕ್ಕ ವಿಷಯವಲ್ಲ.

ತಾರೆಯರಿಲ್ಲದ ಆ ತಂಡ 2001-02ರಲ್ಲಿ ಬರೋಡವನ್ನು ಮಣಿಸಿ ಮೊದಲ ಬಾರಿಗೆ ರಣಜಿ ಟ್ರೋಫಿ ಎತ್ತಿತು. 2004-05ರಲ್ಲಿ ಪಂಜಾಬ್ ವಿರುದ್ಧ ಮತ್ತೊಮ್ಮೆ ಗೆದ್ದಿತು. ಮಧ್ಯಮ ಕ್ರಮಾಂಕದಲ್ಲಿ ಯರೇಗೌಡರದು ತಾಳ್ಮೆಯ ಆಟ. ರಣಜಿ ನಾಕೌಟ್ ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸ್‌ನಲ್ಲಿ ಮುನ್ನಡೆ ಪಡೆದ ತಂಡವೇ ಮುಂದೆ ಸಾಗುತ್ತದೆ. ಆದ್ದರಿಂದ ದಿನವಿಡೀ ಕ್ರೀಸ್‌ನಲ್ಲಿ ನಿಲ್ಲಬಲ್ಲವನ ಬೆಲೆ ಸ್ಕೋರ್‌ಬೋರ್ಡ್ ತೋರಿಸುವುದಕ್ಕಿಂತ ಹೆಚ್ಚು. ಆದರೆ ದ್ರಾವಿಡ್, ತೆಂಡೂಲ್ಕರ್, ಲಕ್ಷ್ಮಣ್, ಗಂಗೂಲಿ ಇದ್ದ ಕಾಲದಲ್ಲಿ ಭಾರತ ತಂಡದ ಬಾಗಿಲು ತೆರೆಯಲಿಲ್ಲ.

2006-07ರಲ್ಲಿ ಅವರು ಕರ್ನಾಟಕಕ್ಕೆ ಮರಳಿ ನಾಯಕತ್ವವನ್ನೂ ವಹಿಸಿದರು. 2018ರಲ್ಲಿ ಮುಖ್ಯ ತರಬೇತುದಾರರಾದರು. ನಿಧಾನಗತಿಯ ದಾಂಡಿಗನ ಕೈಯಲ್ಲಿ ತಂಡ ಮೊದಲು ಗೆದ್ದದ್ದು ಟಿ20 ಪ್ರಶಸ್ತಿ! 2019ರ ಮಾರ್ಚ್‌ನಲ್ಲಿ ಇಂದೋರಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ ಕರ್ನಾಟಕ ಚೊಚ್ಚಲ ಬಾರಿಗೆ ಸೈಯದ್ ಮುಷ್ತಾಕ್ ಅಲಿ ಟ್ರೋಫಿ ಪಡೆಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ವಿಜಯ್ ಹಜಾರೆ ಟ್ರೋಫಿ ಒಲಿಯಿತು. ಡಿಸೆಂಬರ್ 1ರಂದು ಸೂರತ್‌ನಲ್ಲಿ ತಮಿಳುನಾಡು ವಿರುದ್ಧ ಕೇವಲ ಒಂದು ರನ್‌ನಿಂದ ಗೆದ್ದು ಮುಷ್ತಾಕ್ ಅಲಿ ಟ್ರೋಫಿಯನ್ನು ಉಳಿಸಿಕೊಂಡಿತು. ಆದರೆ ರಣಜಿ ಕೈಗೆಟುಕಲಿಲ್ಲ. 2019ರ ಸೆಮಿಫೈನಲ್‌ನಲ್ಲಿ ಸೌರಾಷ್ಟ್ರ, 2020ರಲ್ಲಿ ಬಂಗಾಳ ಅಡ್ಡಿಯಾದವು.

ತವರು ಜಿಲ್ಲೆಯ ಹುಡುಗರಿಗೆ ಈ ದಾರಿ ಎಷ್ಟು ಹತ್ತಿರ? ದೇವದುರ್ಗ, ಮಾನ್ವಿಯಂಥ ತಾಲ್ಲೂಕುಗಳಲ್ಲಿ ಕ್ರಿಕೆಟ್ ಎಂದರೆ ಬಹುಪಾಲು ಟೆನಿಸ್ ಚೆಂಡಿನ ಟೂರ್ನಿಗಳೇ. ಚರ್ಮದ ಚೆಂಡಿನ ಆಟಕ್ಕೆ ಬಸ್ ಹಿಡಿದು ರಾಯಚೂರಿಗೆ ಬರಬೇಕು, ರಾಜ್ಯ ಕ್ರಿಕೆಟ್ ಸಂಸ್ಥೆಯ ರಾಯಚೂರು ವಲಯ ತಂಡದಲ್ಲಿ ಆಯ್ಕೆಗಾರರ ಕಣ್ಣಿಗೆ ಬೀಳಬೇಕು. ಅಲ್ಲಿಂದ ಬೆಂಗಳೂರು ನಾನೂರು ಕಿ.ಮೀ.ಗೂ ದೂರ. ಬಾಡಿಗೆ ಕೋಣೆ, ಕ್ಲಬ್, ಕಿಟ್‌ಗಳ ವೆಚ್ಚ ಬೇರೆ. ಹತ್ತಿ, ಭತ್ತ ಬೆಳೆಯುವ ಕುಟುಂಬಕ್ಕೆ ಮಗನ ಆಟಕ್ಕಿಂತ ನೌಕರಿಯ ಚಿಂತೆಯೇ ಮೊದಲು ಕಾಡಿದರೆ ಆಶ್ಚರ್ಯವಿಲ್ಲ.

ಯರೇಗೌಡ 2024-25ರ ಋತುವಿಗೆ ಮತ್ತೆ ಮುಖ್ಯ ತರಬೇತುದಾರರಾಗಿ ಬಂದರು. 2025ರ ಜನವರಿ 18ರಂದು ವಡೋದರದಲ್ಲಿ ವಿದರ್ಭವನ್ನು 36 ರನ್‌ಗಳಿಂದ ಸೋಲಿಸಿದ ಕರ್ನಾಟಕ ಐದನೇ ಬಾರಿಗೆ ವಿಜಯ್ ಹಜಾರೆ ಟ್ರೋಫಿ ಗೆದ್ದಿತು.